ಬಾಲ್ಕನಿಯಲ್ಲಿ ಕೇಳಿಸಿದ ಮಾತು

ಹಲೋ ಅಕ್ಕನಿಗೆ ಆ ಹೆಸರು ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಿಂದ. ಊರಿನವರು ಯಾರ ಜೊತೆ ಮಾತಾಡಬೇಕಾದರೂ ಮೊದಲು ಅವಳ ಜೊತೆ ಮಾತಾಡಲೇಬೇಕಾಗಿದ್ದ ಕಾಲ ಅದು. ರಿಸೀವರ್ ಎತ್ತಿದರೆ ಸಾಕು, ಅತ್ತ ಕಡೆಯಿಂದ ಕಂಚಿನ ಪಾತ್ರೆಗೆ ಚಮಚ ತಾಗಿದ ಹಾಗೆ ಒಂದು 'ಹಲೋ' ಬರುತ್ತಿತ್ತು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರುಗಳನ್ನು ಚುಚ್ಚುತ್ತ, ಕೀಳುತ್ತ, ಊರಿನ ಅರ್ಧ ಸಂಸಾರವನ್ನು ಅವಳೇ ಜೋಡಿಸಿ ಕೊಡುತ್ತಿದ್ದಳು.

ಅವಳ ಕಿವಿಯ ಬಗ್ಗೆ ಎಕ್ಸ್‌ಚೇಂಜಿನಲ್ಲಿ ಕಥೆಗಳೇ ಇದ್ದವು. ಫೋನೆತ್ತಿದವರು ಬಾಯಿ ತೆರೆಯುವ ಮುಂಚೆ, ಬರೀ ಉಸಿರಿನಿಂದಲೇ ಅದು ಯಾರೆಂದು ಹೇಳಿಬಿಡುತ್ತಿದ್ದಳು. ಕೆಮ್ಮು ಕೇಳಿಯೇ 'ಇವತ್ತು ಜ್ವರ ಇದೆ ಅಲ್ವಾ?' ಎಂದು ವಿಚಾರಿಸುತ್ತಿದ್ದಳು. ಗುಟ್ಟಾಗಿ ಕುದುರುತ್ತಿದ್ದ ಸಂಬಂಧಗಳು, ಮುರಿಯುತ್ತಿದ್ದ ಪಾಲುದಾರಿಕೆಗಳು, ಆಫೀಸಿನಿಂದ 'ಇವತ್ತು ತಡ ಆಗತ್ತೆ' ಎನ್ನುವ ಗಂಡಂದಿರು, ಎಲ್ಲವೂ ಅವಳ ಕಿವಿಯ ಮೂಲಕವೇ ಹಾದುಹೋಗುತ್ತಿದ್ದವು. ಕಿವಿಗೆ ಬಿದ್ದದ್ದನ್ನು ನಾಲಿಗೆಯ ತನಕ ಬರಲು ಅವಳು ಬಿಟ್ಟವಳಲ್ಲ. ಆದರೆ ಅಷ್ಟು ವರ್ಷ ಅಷ್ಟು ಜನರ ಸುಳ್ಳನ್ನು ಕೇಳಿದ ಮೇಲೆ ಒಬ್ಬರನ್ನೂ ಪೂರ್ತಿ ನಂಬದಿರುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು. ಮನುಷ್ಯ ಸುಳ್ಳು ಹೇಳುವ ಮೊದಲು ಒಂದು ಸಣ್ಣ ಉಸಿರನ್ನು ಒಳಕ್ಕೆಳೆದುಕೊಳ್ಳುತ್ತಾನೆ ಎಂಬುದು ಅವಳ ಸಿದ್ಧಾಂತ.

ಆಮೇಲೆ ಯಂತ್ರಗಳು ಬಂದವು, ಬೋರ್ಡು ಗುಜರಿಗೆ ಹೋಯಿತು, ಅವಳು ನಿವೃತ್ತಳಾದಳು. ವಯಸ್ಸಾಗುತ್ತಿದೆ ಎಂದು ಅವಳು ಯಾವತ್ತೂ ತಕರಾರು ಮಾಡಿದವಳಲ್ಲ. ಔಷಧಿ ಅಂಗಡಿಯವನನ್ನು ಇನ್ನೂ 'ನಲವತ್ತೇಳು' ಎಂದೇ ಕರೆಯುತ್ತಿದ್ದಳು. ಅದು ಅವನಪ್ಪನ ಕಾಲದ ಫೋನ್ ನಂಬರು. ರೇಡಿಯೋದಲ್ಲಿ 'ಈಗ ಒಂದು ಹಳೆಯ ಹಾಡು' ಎಂದು ಹೇಳಿ ಹಾಕಿದ ಹಾಡು ಮೊನ್ನೆ ಮೊನ್ನೆ ಬಂದದ್ದಲ್ಲವೇ ಎಂದು ಬೆರಳು ಮಡಚಿ ನೋಡಿ, ತಾನೇ ಬೆಚ್ಚಿಬಿದ್ದು ನಗುತ್ತಿದ್ದಳು. ಪಾರ್ಸೆಲ್ಲಿನ ದಾರ ಬಿಚ್ಚಿ ಸುತ್ತಿಡುತ್ತಿದ್ದಳು, ಬಿಸ್ಕತ್ತಿನ ಖಾಲಿ ಡಬ್ಬಿಗಳಲ್ಲಿ ಗುಂಡಿ ತುಂಬಿಡುತ್ತಿದ್ದಳು. ಕುರ್ಚಿಯಿಂದ ಏಳುವಾಗ ತನ್ನ ಬಾಯಿಂದ ತಾನಾಗಿ ಬರುವ 'ಅಮ್ಮಾ' ಎಂಬ ಶಬ್ದ ಅಮ್ಮನದ್ದೇ ದನಿಯಲ್ಲಿದೆ ಎಂದು ಗೊತ್ತಾದ ದಿನ ಅದನ್ನು ಮಗಳಿಗೆ ಫೋನ್ ಮಾಡಿ ಹೇಳಿದ್ದಳು. ಒಮ್ಮೆ ಮೊಮ್ಮಗಳು ಕಪಾಟಿನ ಮೇಲಿನ ಹಳೆಯ ಫೋನಿನ ಡಯಲ್ ತೂತಿಗೆ ಬೆರಳಿಟ್ಟು, ತಿರುಗಿಸುವುದು ಗೊತ್ತಿಲ್ಲದೆ, ಒತ್ತಿ ಒತ್ತಿ 'ಅಜ್ಜಿ, ಇದು ಕೆಟ್ಟಿದೆ' ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಇಂಥದ್ದನ್ನೆಲ್ಲ ಒಪ್ಪಿಕೊಂಡವಳು ಒಂದನ್ನು ಮಾತ್ರ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. ಇತ್ತೀಚೆಗೆ ಜನ ಬಾಯೊಳಗೇ ಮಾತಾಡತೊಡಗಿದ್ದರು. ಟಿವಿಯಲ್ಲಿ ನಟನೆ ಮಾಡುವವರಿಗೆ ತುಟಿ ಬಿಚ್ಚಲು ಸೋಮಾರಿತನ. ಬ್ಯಾಂಕಿನ ಹುಡುಗಿಗೆ ಗಂಟಲೇ ಇಲ್ಲ. ಮನೆಯ ಕಾಲಿಂಗ್ ಬೆಲ್ ತೆಗೆದು ಗಂಡ ಹೊಸದನ್ನು ತಂದು ಹಾಕಿದ್ದರು, ಅದು ಹಳೆಯದಕ್ಕಿಂತ ಕಳಪೆ ಮಾಲು. ಮನೆಗೆ ಮಗಳು ಬಂದಾಗ ಅಪ್ಪ ಮಗಳು ಅಡುಗೆಮನೆಯಲ್ಲಿ ಗುಸುಗುಸು ಎನ್ನುತ್ತಿದ್ದರು. ತಾನು ಒಳಗೆ ಹೋದರೆ ಇಬ್ಬರೂ ಒಟ್ಟಿಗೇ ತಲೆ ಎತ್ತಿ ನಗುತ್ತಿದ್ದರು. ಆ ನಗು ಅವಳಿಗೆ ಸರಿಬರಲಿಲ್ಲ.

ಗಂಡನನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎಲ್ ಬೋರ್ಡಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಕೆಳಗಿನ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಒಂದು ತಲೆಮಾರಿನ ಡಾಕ್ಟರು, ವಕೀಲರು, ಹಾಲಿನ ವ್ಯಾನಿನವರನ್ನೆಲ್ಲ ರಸ್ತೆಗೆ ಇಳಿಸಿದವರು. ಗದರಿದ್ದು ಕಡಿಮೆ. ಬ್ರೇಕ್ ಒತ್ತುವುದು, ಒಂದು ನಿಮಿಷ ಸುಮ್ಮನಿರುವುದು, ಆಮೇಲೆ 'ಈಗ ಹೊರಡೋಣ' ಎನ್ನುವುದು. ಸಂಸಾರದಲ್ಲೂ ಅವರದು ಅದೇ ಪದ್ಧತಿ.

ಅಂಥ ಮನುಷ್ಯ ಬದಲಾಗತೊಡಗಿದ್ದರು.

ಮೊದಲು ಅಕ್ಕನ ಗಮನಕ್ಕೆ ಬಂದದ್ದು ಪೇಪರು. ಬೆಳಿಗ್ಗೆ ಚಹಾದ ಜೊತೆ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ಮದುವೆಯಾದಾಗಿನಿಂದ ಅವರ ಕೆಲಸ. ಒಂದು ದಿನ ಪೇಪರನ್ನು ಅವಳ ಕಡೆ ತಳ್ಳಿ, "ನೀನೇ ಓದು. ನಿನ್ನ ದನೀಲಿ ಕೇಳೋಕೆ ಚೆನ್ನಾಗಿರತ್ತೆ" ಎಂದರು. ಅವಳು ಮೇಲಿನಿಂದ ಕೆಳಗೆ ಗಂಡನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ಕೂಡ ಇಂಥ ಮಾತು ಬಂದಿರಲಿಲ್ಲ. ಹೊಗಳಿಕೆ ಎಲ್ಲಿಂದಲೋ ಹುಟ್ಟಿ ಬಂದಿದೆ ಎಂದರೆ ಎಲ್ಲೋ ತಪ್ಪು ನಡೆದಿದೆ ಎಂದೇ ಅರ್ಥ.

ಆಮೇಲೆ ಕಪ್ಪು ಕನ್ನಡಕ ಬಂತು. "ಬಿಸಿಲು ಜಾಸ್ತಿ ಕಣೇ" ಎಂದರು. ಮೋಡ ಮುಚ್ಚಿದ ದಿನವೂ ಅದು ಮೂಗಿನ ಮೇಲೆ ಇರುತ್ತಿತ್ತು. ಸ್ವಂತ ಕಾರನ್ನು ಮನೆ ಹಿಂದಿನ ಶೆಡ್ಡಿಗೆ ಸೇರಿಸಿ ಬಟ್ಟೆ ಮುಚ್ಚಿ, "ನಡೆದ್ರೆ ಮೈಗೆ ಒಳ್ಳೇದು" ಎಂದು ನಡೆದೇ ಹೋಗತೊಡಗಿದರು. ಒಂದು ಸಂಜೆ ಅವಳು ಹಸಿರು ಶಾಲು ಹೊದ್ದು ನಿಂತಿದ್ದಾಗ, "ಈ ನೀಲಿ ಶಾಲು ನಿಂಗೆ ಒಪ್ಪತ್ತೆ" ಎಂದುಬಿಟ್ಟರು. ಮನೆಯಲ್ಲಿ ನೀಲಿ ಶಾಲು ಇರಲಿಲ್ಲ. ಹಾಗಾದರೆ ನೀಲಿ ಶಾಲು ಹೊದೆಯುವವಳು ಯಾರು?

ಆ ಪ್ರಶ್ನೆ ಒಳಗೆ ಹೊಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿ ಸಾಲುಗಟ್ಟಿ ನಿಂತಿತು. ಮನೆಗೆ ಬಂದ ಮೇಲೂ ಅವರ ಫೋನು ಬಡಿದುಕೊಳ್ಳುವುದು, ಅವರು ಅದನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಅರ್ಧ ಎಳೆದುಕೊಳ್ಳುವುದು. ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನೊಬ್ಬಳು ಕಲಿಸುವವಳಿದ್ದಳು, ಕೆಂಪು ಸ್ಕೂಟರಿನವಳು. ಒಂದು ಕಾಲದಲ್ಲಿ ಮೇಷ್ಟ್ರ ಹತ್ತಿರವೇ ಸ್ಟಿಯರಿಂಗ್ ಹಿಡಿಯಲು ಕಲಿತವಳು. ನಲವತ್ತರ ಆಸುಪಾಸು, ಗಟ್ಟಿ ಕೈ, ದೊಡ್ಡ ನಗು. ಈಚೆಗೆ ಬೆಳಿಗ್ಗೆ ಅವಳು ರಸ್ತೆಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಮೇಷ್ಟ್ರು ಅಲ್ಲಿಯ ತನಕ ಒಬ್ಬರೇ ನಡೆದು, ಆಮೇಲೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೈಗೆ ಒಳ್ಳೆಯದಾದ ನಡಿಗೆ ತಿರುವಿನ ತನಕ ಮಾತ್ರ. ಇದನ್ನು ಅಕ್ಕ ಅಡುಗೆಮನೆಯ ಕಿಟಕಿಯಿಂದ, ಕೈಯಲ್ಲಿ ಪಾತ್ರೆ ಉಜ್ಜುವ ನಾರು ಹಿಡಿದುಕೊಂಡೇ ಕಂಡಿದ್ದಳು.

ಅಷ್ಟಾದರೂ ಅವಳು ತಡೆದುಕೊಂಡಿದ್ದಳೇನೋ. ಆದರೆ ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಯ ಕಡೆ ಹೋದಾಗ, ಅರ್ಧ ಮುಚ್ಚಿದ ಬಾಗಿಲಾಚೆ ಮೇಷ್ಟ್ರು ಬೆನ್ನು ತಿರುಗಿಸಿ ಫೋನಿನಲ್ಲಿದ್ದರು. ಅವಳು ಉಸಿರು ಹಿಡಿದು ನಿಂತಳು.

"ಹೆಣ್ಣಿನ ವಿಷಯ ಮನೇಲಿ ಗೊತ್ತಾಗ್ಬಾರ್ದು," ಎನ್ನುತ್ತಿದ್ದರು ಮೇಷ್ಟ್ರು. "ಗೊತ್ತಾದ್ರೆ ಅವ್ಳು ಸುಮ್ನಿರಲ್ಲ. ಎಲ್ಲ ಮುಗಿದ್ಮೇಲೆ ನಾನೇ ಹೇಳ್ತೀನಿ."

ಅಕ್ಕನ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪು ಕೆಳಗೆ ಬಿತ್ತು. ಮೇಷ್ಟ್ರು ತಟ್ಟನೆ ತಿರುಗಿದರು. ಫೋನನ್ನು ಕಿವಿಯಿಂದ ಇಳಿಸಿ, ಒಂದು ಸಣ್ಣ ಉಸಿರು ಒಳಗೆಳೆದುಕೊಂಡು, "ಸ್ಕೂಲಿನವರು. ನಾಳೆ ಕ್ಲಾಸ್ ಬೇಗ ಇದೆಯಂತೆ" ಎಂದರು.

ಅವಳು ಕ್ಲಿಪ್ಪನ್ನು ಎತ್ತಿಕೊಂಡು, ಬಟ್ಟೆಯನ್ನು ಮಡಚಿ ಒಳಗಿಟ್ಟು, ಆ ಸಂಜೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮೇಷ್ಟ್ರು ಚಕಾರವೆತ್ತದೆ ಊಟ ಮಾಡಿದರು. ಅದೂ ಅನುಮಾನಕ್ಕೆ ಒಂದು ಕಾರಣವೇ ಆಯಿತು.

ಮಾರನೆಯ ಬೆಳಿಗ್ಗೆ ಎರಡು ಬೀದಿ ಆಚೆಗಿದ್ದ ಮಗಳ ಮನೆಗೆ ಹೋದಳು. ಮಗಳು ನಿಂತುಕೊಂಡು ಇಸ್ತ್ರಿ ಮಾಡುತ್ತಿದ್ದಳು.

"ನಿಮ್ಮಪ್ಪನ ವಿಷಯ ನಂಗೆ ಗೊತ್ತಾಯ್ತು" ಎಂದಳು ಅಕ್ಕ, ಚಪ್ಪಲಿಯನ್ನೂ ಬಿಡದೆ.

ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತು. "ಅಪ್ಪನೇ ಹೇಳಿದ್ರಾ?"

"ಅವರ್ಯಾಕೆ ಹೇಳ್ತಾರೆ? ನನ್ನ ಕಿವಿಯಾರೆ ಕೇಳ್ದೆ. ಅಂದ್ರೆ ನಿಂಗೂ ಗೊತ್ತಿತ್ತು?"

"ಅಮ್ಮ, ಕೋಪ ಮಾಡ್ಕೋಬೇಡ. ಅಪ್ಪ ನನ್ನಿಂದ ಮಾತು ತಗೊಂಡಿದ್ರು. ನಿಂಗೆ ಹೇಳಿದ್ರೆ ರಂಪ ಮಾಡ್ತೀಯ ಅಂದ್ರು."

"ರಂಪ ಮಾಡ್ದೆ ಚಪ್ಪಾಳೆ ಹೊಡೀಲಾ?"

"ಈ ವಯಸ್ಸಲ್ಲಿ ಎಲ್ಲರಿಗೂ ಆಗೋದೇ ಅಲ್ವಾ? ನಮ್ಮ ಮಾವನಿಗೂ ಹೋದ ವರ್ಷ ಆಯ್ತಲ್ಲ. ಅವ್ರೂ ಯಾರಿಗೂ ಹೇಳಿರ್ಲಿಲ್ಲ."

ಅಕ್ಕನಿಗೆ ತಲೆ ಧಿಮ್ಮೆಂದಿತು. ಬೀಗರು! ನೆಲ ನೋಡಿಕೊಂಡು ನಡೆಯುವ, ಹೆಂಗಸರು ಎದುರಾದರೆ ಗೋಡೆಗೆ ಅಂಟಿಕೊಳ್ಳುವ ಆ ಮನುಷ್ಯನಿಗೂ!

"ನಿಮ್ಮತ್ತೆ ಗೊತ್ತಾದ್ಮೇಲೆ ಏನಂದ್ರು?" ಎಂದಳು, ದನಿ ತಗ್ಗಿಸಿ.

"ಏನಂತಾರೆ? ಜೊತೆಗೆ ಹೋಗಿ ಮುಗಿಸ್ಕೊಂಡು ಬಂದ್ರು. ಈಗ ಮಾವ ಆರಾಮಾಗಿದ್ದಾರೆ. ಅಪ್ಪಂದು ಸ್ವಲ್ಪ ಕಷ್ಟ, ಎರಡೂ ಹಾಗೇ ಅಂತೆ. ಮೊದ್ಲು ಒಂದು ಮುಗಿಸಿ, ಆಮೇಲೆ ಇನ್ನೊಂದನ್ನ ನೋಡೋಣ ಅಂದಿದ್ದಾರೆ."

"ಎರಡಾ?"

"ಎರಡೂ."

ಅಕ್ಕ ಇಸ್ತ್ರಿ ಮಾಡಿಟ್ಟಿದ್ದ ಬಟ್ಟೆಗಳ ಮೇಲೆಯೇ ಕುಸಿದು ಕೂತಳು. ಮಗಳು ನೀರು ತಂದುಕೊಟ್ಟು, ಬೆನ್ನು ಸವರಿ, "ಅಪ್ಪನ ಹತ್ರ ನಾನು ಮಾತಾಡ್ಲಾ?" ಎಂದಳು.

"ಒಂದು ಮಾತು ಬಾಯಿ ಬಿಟ್ಟೀಯ ಜೋಕೆ" ಎಂದಳು ಅಕ್ಕ. "ನಾನೇ ನೋಡ್ಕೋತೀನಿ." ನೀರಿನ ಲೋಟವನ್ನು ಮಗಳ ಕೈಗೆ ಕೊಡದೆ ಮೇಜಿನ ಮೇಲೆ ಕುಕ್ಕಿದಳು. ಹೆತ್ತ ಮಗಳೇ ಹೀಗೆ ತಣ್ಣಗೆ ಮಾತಾಡುತ್ತಾಳೆಂದರೆ ಯಾರನ್ನು ತಾನೇ ನಂಬುವುದು?

ಅದೇ ವಾರ ಒಂದು ಮಧ್ಯಾಹ್ನ ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡರು. ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದರು. ಅವಳು ಸರಿಮಾಡಲಿಲ್ಲ. ಆತುರ ನೋಡು ಮುದುಕನಿಗೆ, ಎಂದುಕೊಂಡಳು. ಅವರು ಮೆಟ್ಟಿಲಿಳಿದು ಹೋದ ಸ್ವಲ್ಪ ಹೊತ್ತಿಗೆ ತಾನೂ ಬೀಗ ಹಾಕಿ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಒಬ್ಬ ಗಡ್ಡದವನು ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟ. ಮೊದಲು ಅವಳು ಹಿಂದೆ ತಿರುಗಿ ಯಾರಿಗೆಂದು ನೋಡಿದಳು. ತನಗೇ ಎಂದು ಗೊತ್ತಾದ ಮೇಲೆ ಕೂತಳು, ಆದರೆ ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ.

ಡ್ರೈವಿಂಗ್ ಸ್ಕೂಲಿನ ಎದುರು ಒಂದು ಸ್ಟೇಷನರಿ ಅಂಗಡಿಯಿತ್ತು. ಅಲ್ಲಿ ಪೆನ್ನು ಆರಿಸುವವಳಂತೆ ನಿಂತು, ಒಂದೊಂದೇ ಪೆನ್ನಿನಿಂದ ಕಾಗದದ ಚೂರಿನ ಮೇಲೆ ಗೀಚುತ್ತ, ಕಣ್ಣನ್ನು ರಸ್ತೆಯಾಚೆ ನೆಟ್ಟಳು. ಅಂಗಡಿಯವನು ಏನೋ ಅಂದ. ಅವನೂ ಬಾಯೊಳಗೆ ಮಾತಾಡುವ ಪೈಕಿ. ಅವಳು ಇನ್ನೊಂದು ಪೆನ್ನು ಎತ್ತಿಕೊಂಡಳು.

ಅವರಿಬ್ಬರೂ ಹೊರಗೆ ಬಂದರು. ಕೆಂಪು ಸ್ಕೂಟರಿನವಳು ಮೇಷ್ಟ್ರ ಮೊಣಕೈ ಹಿಡಿದುಕೊಂಡಿದ್ದಳು. ಹಿಡಿದುಕೊಂಡೇ ರಸ್ತೆಯ ಅಂಚಿಗೆ ಬಂದಳು, ವಾಹನಗಳು ನಿಲ್ಲುವುದನ್ನು ಕಾದಳು, ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಮೇಷ್ಟ್ರು ನಕ್ಕರು. ಇಬ್ಬರೂ ರಸ್ತೆ ದಾಟಿದರು. ಅಕ್ಕನ ಕೈಯಲ್ಲಿದ್ದ ಪೆನ್ನು ಕಾಗದವನ್ನು ಹರಿದುಕೊಂಡು ಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ, ಒಂದು ದಿನವೂ ರಸ್ತೆಯಲ್ಲಿ ತನ್ನ ಕೈ ಹಿಡಿದವರಲ್ಲ. ಕೇಳಿದರೆ, 'ರಸ್ತೆಯಲ್ಲಿ ನಡೆಯೋರ ಎರಡೂ ಕೈ ಖಾಲಿ ಇರ್ಬೇಕು' ಎಂದು ಪಾಠ ಹೇಳುತ್ತಿದ್ದ ಮನುಷ್ಯ!

ಅವಳು ಹಿಂದೆಯೇ ಹೊರಟಳು. ಅವರು ಒಂದು ದೊಡ್ಡ ಕಟ್ಟಡದ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರು. ಅವಳ ಕಣ್ಣೆಲ್ಲ ಆ ಮೊಣಕೈಯ ಮೇಲೆಯೇ ಇದ್ದುದರಿಂದ ಕಟ್ಟಡದ ಮೇಲಿನ ಬೋರ್ಡನ್ನು ನೋಡಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದಾಗ ಉದ್ದ ಕಾರಿಡಾರು, ಗೋಡೆಗೆ ಒರಗಿಸಿದ ಬೆಂಚುಗಳು, ಫಿನಾಯಿಲ್ ವಾಸನೆ. ಬೆಂಚುಗಳ ತುಂಬ ಕಪ್ಪು ಕನ್ನಡಕದವರು, ಒಂದು ಕಣ್ಣಿಗೆ ಹತ್ತಿ ಕಟ್ಟಿಸಿಕೊಂಡವರು, ತಲೆ ಹಿಂದಕ್ಕೆ ವಾಲಿಸಿ ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಿದ್ದವರು. ಅವಳು ಕಂಬದ ಮರೆಯಲ್ಲಿ ನಿಂತಳು. ಕಣ್ಣಿನ ಆಸ್ಪತ್ರೆಯಲ್ಲಿ ಇವರಿಗೇನು ಕೆಲಸ? ಆ ಸ್ಕೂಟರಿನವಳದ್ದೇ ಕಣ್ಣು ಕೆಟ್ಟಿರಬೇಕು, ಇವರು ಜೊತೆಗೆ ಬಂದಿದ್ದಾರೆ, ಎಂದು ಕೂಡ ಒಂದು ಗಳಿಗೆ ಅನ್ನಿಸಿತು.

ಆದರೆ ಒಳಗೆ ಹೋದದ್ದು ಮೇಷ್ಟ್ರು. ಕೆಂಪು ಸ್ಕೂಟರಿನವಳು ಹೊರಗೆ ಬೆಂಚಿನಲ್ಲಿ ಕೂತಳು.

ಕೋಣೆಯ ಬಾಗಿಲು ತೆರೆದೇ ಇತ್ತು. ಅಕ್ಕ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಮೇಷ್ಟ್ರು ಎತ್ತರದ ಕುರ್ಚಿಯಲ್ಲಿ, ಒಂದು ಕಣ್ಣಿಗೆ ಮುಚ್ಚಳ ಹಿಡಿದುಕೊಂಡು ಕೂತಿದ್ದರು. ಎದುರಿನ ಗೋಡೆಯಲ್ಲಿ ದೀಪ ಹತ್ತಿದ ಹಲಗೆ, ಮೇಲೆ ತಟ್ಟೆಯಷ್ಟು ದೊಡ್ಡ ಒಂದೇ ಅಕ್ಷರ, ಕೆಳಗೆ ಸಾಲು ಸಾಲಾಗಿ ಚಿಕ್ಕವು. ಡಾಕ್ಟರಮ್ಮ ಕೋಲಿನಿಂದ ಆ ದೊಡ್ಡ ಅಕ್ಷರವನ್ನೇ ತೋರಿಸುತ್ತಿದ್ದಳು. ಮೇಷ್ಟ್ರು ಕುತ್ತಿಗೆ ಮುಂದೆ ಚಾಚಿದರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಆಮೇಲೆ ಪಾಠ ಬಾರದ ಮಗುವಿನ ಹಾಗೆ ನಕ್ಕು, ತಲೆಯಾಡಿಸಿದರು.

ಅಷ್ಟು ದೂರದ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಹಲಗೆಯ ಕೊನೆಯ ಸಾಲಿನ ತನಕ ಕಾಣುತ್ತಿತ್ತು.

ಅವಳ ಬೆನ್ನ ಹಿಂದೆ ಆಸ್ಪತ್ರೆಯ ಕೆಲಸದವನೊಬ್ಬ ತಳ್ಳುಗಾಡಿ ತರುತ್ತ, "ಅಮ್ಮಾ ದಾರಿ, ಅಮ್ಮಾ ದಾರಿ ಬಿಡಿ" ಎಂದು ಕೂಗುತ್ತಲೇ ಇದ್ದ. ಬೆಂಚಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಕದಲಲಿಲ್ಲ. ಗಾಡಿಯ ಮೂಲೆ ಸೊಂಟಕ್ಕೆ ತಗುಲಿದಾಗಲೇ "ಅಯ್ಯೋ!" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಕುರ್ಚಿಯಲ್ಲಿದ್ದ ಮೇಷ್ಟ್ರು ಸರಕ್ಕನೆ ಈ ಕಡೆ ತಿರುಗಿದರು. ಮುಖ ನೇರ ಅವಳ ಕಡೆಗೇ ಇತ್ತು, ಆದರೆ ಕಣ್ಣು ಅವಳ ಭುಜದ ಪಕ್ಕ ಎಲ್ಲೋ ನೆಟ್ಟಿತ್ತು.

"ಇದು ನಮ್ಮನೆಯವಳ ದನಿ" ಎಂದರು.

ಆಮೇಲೆ ಬೆಂಚಿನ ಮೇಲೆ ಮೂವರೂ ಕೂತರು, ನಡುವೆ ಮೇಷ್ಟ್ರು. ಅಕ್ಕನಿಗೆ ಅಳು ಒಂದು ಕಡೆ, ಸಿಟ್ಟು ಇನ್ನೊಂದು ಕಡೆ. ಅಳು ಬಂದುಬಿಟ್ಟರೆ ಸೋತ ಹಾಗೆ ಎಂದು ಸಿಟ್ಟನ್ನೇ ಮುಂದೆ ಮಾಡಿದಳು.

"ಕಣ್ಣು ನೋಡಿಸ್ಕೊಳ್ಳೋಕೆ ಬಂದಿದ್ದು ಸರಿ. ಮತ್ತೆ ಆ ಹೆಣ್ಣಿನ ವಿಷಯ ಏನು?"

"ಯಾವ ಹೆಣ್ಣು?"

"ನಾಟಕ ಬೇಡ. ಬಾಲ್ಕನೀಲಿ ನೀವೇ ಹೇಳಿದ್ದು. ಹೆಣ್ಣಿನ ವಿಷಯ ಮನೇಲಿ ಗೊತ್ತಾಗ್ಬಾರ್ದು ಅಂತ. ನನ್ನ ಕಿವಿಯಾರೆ ಕೇಳ್ದೆ."

"ಕಣ್ಣು ಅಂದೆ ಕಣೇ! ಕಣ್ಣಿನ ವಿಷಯ!"

ಕೆಂಪು ಸ್ಕೂಟರಿನವಳಿಗೆ ತಡೆಯಲಾಗಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡರೂ ನಗು ಬೆರಳ ಸಂದಿಯಿಂದ ನುಗ್ಗಿ ಬಂತು. "ಅಕ್ಕ, ಆವತ್ತು ಫೋನಲ್ಲಿ ಇದ್ದಿದ್ದು ನಾನೇ. ಆಪರೇಷನ್ ದಿನ ಕೇಳೋಕೆ ಮಾಡಿದ್ದೆ. ದಯವಿಟ್ಟು ನನ್ನ ಹಾಗೆ ನೋಡ್ಬೇಡಿ, ಭಯ ಆಗತ್ತೆ."

ಅಕ್ಕ ನಗಲಿಲ್ಲ. ಬೀಗರ ವಿಷಯವೂ, ಆ 'ಎರಡೂ' ಎಂಬುದೂ ಒಂದಾದ ಮೇಲೊಂದು ಅವಳ ತಲೆಯಲ್ಲಿ ತಿರುಗಿ ನೇರವಾಗಿ ಕೂತವು. ಮುಖ ಬಿಸಿಯಾಯಿತು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಕೊನೆಗೆ.

ಮೇಷ್ಟ್ರು ಕಪ್ಪು ಕನ್ನಡಕವನ್ನು ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತರು. "ಒಂದಿನ ಹೊಸದಾಗಿ ಕಲಿಯೋಕೆ ಬಂದಿದ್ದೋಳು ಗಾಡಿ ಓಡಿಸ್ತಿದ್ಲು. ಎದುರಿಗೆ ಸೈಕಲ್ಲಲ್ಲಿ ಒಬ್ಬ ಬಂದ. ನಂಗೆ ಅವ್ನು ಕಾಣ್ಲೇ ಇಲ್ಲ. ಅವ್ಳೇ ಕಿರುಚಿ ಬ್ರೇಕ್ ಹಾಕಿದ್ಲು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಸುಮ್ನೆ ಇತ್ತು." ಕನ್ನಡಕವನ್ನು ಮತ್ತೆ ಮೂಗಿಗೇರಿಸಿ, "ಆವತ್ತಿಂದ ನಾನು ಕಲಿಸೋ ಕಾರು ಹತ್ತಿಲ್ಲ. ಕ್ಲಾಸೆಲ್ಲ ಇವ್ಳೇ ತಗೋತಾಳೆ. ನಾನು ರೂಮಲ್ಲಿ ಕೂತು ರಸ್ತೆ ನಿಯಮ ಹೇಳ್ಕೊಡ್ತೀನಿ. ಇದನ್ನ ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಅಕ್ಕ ಅವರ ಅಂಗಿಯ ಗುಂಡಿಗಳನ್ನು ಬಿಚ್ಚಿ, ಸರಿಯಾದ ಮನೆಗಳಿಗೆ ಹಾಕತೊಡಗಿದಳು.

"ಒಂದು ಮಾತು ಹೇಳ್ಲಾ?" ಎಂದರು ಮೇಷ್ಟ್ರು. "ಬೈಬೇಡ. ನಿಂಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ."

ಅವಳ ಕೈ ನಿಂತಿತು. "ಯಾರು ಹೇಳಿದ್ದು?"

"ಮನೇಲಿ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ಹೊಸ ಬೆಲ್ ತಂದು ಹಾಕಿದ್ದು ಯಾಕೆ ಅಂದ್ಕೊಂಡೆ? ಅದು ಬಡ್ಕೊಂಡ್ರೆ ಮೂರನೇ ಮನೆಯವ್ರು ಬಾಗಿಲು ತೆಗೀತಾರೆ."

"ಹಾಗಿದ್ರೆ ನೀವು ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನಿಂಗೆ ಕೇಳಿಸ್ಲಿಲ್ಲ."

ಆಪರೇಷನ್ ಆಯಿತು. ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದ್ದು ಬರೀ ಪೊರೆಯಲ್ಲ, ಹಿಂದಿನ ನರವೇ ಒಣಗಿದೆ, ಅದು ಇನ್ನು ಮರಳಿ ಬರುವುದಿಲ್ಲ ಎಂದು ಡಾಕ್ಟರಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದಳು. ಗಾಡಿ ಓಡಿಸುವುದು ಮುಗಿದ ಮಾತು. ಮೇಷ್ಟ್ರಿಗೆ ಅದನ್ನು ಹೇಳಿದಾಗ ಅವರು ಬ್ರೇಕ್ ಒತ್ತಿದವರ ಹಾಗೆ ಒಂದಿಷ್ಟು ಹೊತ್ತು ಸುಮ್ಮನಿದ್ದರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ಅಕ್ಕನ ಮುಖವನ್ನು. ಬಹಳ ಹೊತ್ತು ನೋಡಿದರು. ಅವಳಿಗೆ ಮೈಯೆಲ್ಲ ಮುಳ್ಳಾಯಿತು.

"ಏನು?" ಎಂದಳು.

"ಏನಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ."

"ಅದಾಗಿ ಎಷ್ಟೋ ವರ್ಷ ಆಯ್ತು."

"ನಂಗೆ ಇವತ್ತು ಆಯ್ತು" ಎಂದರು ಮೇಷ್ಟ್ರು.

ಮನೆಗೆ ಬಂದ ಮೇಲೆ ಅವರಿಗೆ ಒಂದೊಂದಾಗಿ ಎಲ್ಲ ಕಾಣತೊಡಗಿತು. ಕಪಾಟಿನ ಮೇಲಿನ ಧೂಳು, ಸೂರಿನ ಜೇಡರಬಲೆ, ಚಹಾದ ಲೋಟದ ಕಲೆ. ಅವಳಿಗೆ ಸಾಕುಸಾಕಾಗಿ, ಆಪರೇಷನ್ ಇನ್ನೆರಡು ವರ್ಷ ತಡವಾಗಿದ್ದರೆ ಚೆನ್ನಾಗಿತ್ತು ಎಂದು ಮಗಳ ಹತ್ತಿರ ಗೊಣಗಿದಳು. ಮಗಳು ಅಪ್ಪ ಅಮ್ಮನನ್ನು ಅಕ್ಕಪಕ್ಕ ಕೂರಿಸಿ, "ಇನ್ಮೇಲೆ ಅಮ್ಮ ನಿಮಗೆ ಕಣ್ಣು, ನೀವು ಅಮ್ಮನಿಗೆ ಕಿವಿ" ಎಂದಾಗ, "ಹೋಗೇ, ಭಾಷಣ ಬಿಗೀಬೇಡ" ಎಂದು ಗದರಿಸಿದಳು.

ಕಿವಿಯ ಡಾಕ್ಟರ ಹತ್ತಿರ ಹೋಗಲು ಅವಳು ತಿಂಗಳುಗಟ್ಟಲೆ ಸತಾಯಿಸಿದಳು. ಕೊನೆಗೆ ಹೋದಾಗ ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿದರು. ಆ ಭಾರ, ನೆತ್ತಿಯ ಮೇಲಿನ ಆ ಪಟ್ಟಿ, ಕಿವಿಯನ್ನು ಒತ್ತುವ ಆ ಎರಡು ಬಟ್ಟಲು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಬಾಯಲ್ಲಿ 'ಹಲೋ' ಬಂದು ನಿಂತಿತು. ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದಿದ್ದರು. ಅವಳು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾದಳು. ಗಾಜಿನಾಚೆ ಎಳೆಯ ಪ್ರಾಯದ ಡಾಕ್ಟರ್ ಏನೇನೋ ಕೀಲಿಗಳನ್ನು ತಿರುಗಿಸುತ್ತಿದ್ದ. ಇವನು ಶಬ್ದವನ್ನೇ ಹಾಕುತ್ತಿಲ್ಲ, ಯಂತ್ರ ಮಾರಲು ನಾಟಕ ಮಾಡುತ್ತಿದ್ದಾನೆ ಎಂದು ಅನುಮಾನವಾಗಿ ಅವಳು ಪಕ್ಕದಲ್ಲಿ ನಿಂತಿದ್ದ ಮಗಳ ಮುಖ ನೋಡಿದಳು. ಬಾಗಿಲು ಅರ್ಧ ತೆರೆದು ನಿಂತಿದ್ದ ಮಗಳು, ಹೆಡ್‌ಫೋನಿನಿಂದ ಹೊರಗೆ ಸೋರುತ್ತಿದ್ದ ಶಬ್ದಕ್ಕೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಅಕ್ಕ ಹೆಬ್ಬೆರಳನ್ನು ಗುಂಡಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಕಿವಿಯ ಹಿಂದೆ ಸಿಕ್ಕಿಸುವ ಪುಟ್ಟ ಯಂತ್ರ ಬಂತು. ಮೊದಲ ವಾರ ಅದರ ಮೇಲೂ ಅವಳಿಗೆ ನಂಬಿಕೆಯಿರಲಿಲ್ಲ. ತನ್ನದೇ ಚಪ್ಪಲಿ ಸದ್ದಿಗೆ ಯಾರೋ ಹಿಂದೆ ಬರುತ್ತಿದ್ದಾರೆಂದು ತಿರುಗಿ ನೋಡುತ್ತಿದ್ದಳು. ಪೇಪರು ಮಡಚಿದರೆ ಪಟಾಕಿ ಸಿಡಿದ ಹಾಗೆ. ಮೇಷ್ಟ್ರು ರೊಟ್ಟಿ ಅಗಿಯುವ ಸದ್ದು ಕೇಳಿ, ಇಷ್ಟು ವರ್ಷ ಇದರ ಜೊತೆ ಹೇಗೆ ಬಾಳಿದೆ ಎನ್ನಿಸಿತು. ಆಮೇಲೆ ನಿಧಾನವಾಗಿ ಒಂದೊಂದು ಸದ್ದು ತನ್ನ ತನ್ನ ಜಾಗಕ್ಕೆ ಹೋಗಿ ಕೂತಿತು.

ಒಂದು ಸಂಜೆ ಮನೆಯ ಹಿಂದಿನ ಕಸದ ಡಬ್ಬಿಗೆ ಸಿಪ್ಪೆ ಹಾಕಲು ಹೋದವಳಿಗೆ ಶೆಡ್ಡಿನೊಳಗಿಂದ ಗಂಡಸಿನ ದನಿ ಕೇಳಿಸಿತು. ಪಿಸುಮಾತು. ನಡುನಡುವೆ ಒಂದು ನಗು. ಅವಳು ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಇಳಿಸಿದಳು. ಮೇಷ್ಟ್ರು ಮಧ್ಯಾಹ್ನವೇ 'ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ' ಎಂದು ಹೊರಟಿದ್ದರು. ಶೆಡ್ಡಿನಲ್ಲಿ ಯಾವ ಗಾಳಿ? ಯಾರ ಜೊತೆ ಮಾತು? ಗೋಡೆಗೆ ಒರಗಿಕೊಂಡು ಹತ್ತಿರ ಹೋದಳು.

ಕಾರಿನ ಮೇಲಿನ ಬಟ್ಟೆ ಅರ್ಧ ಸರಿದಿತ್ತು. ಡ್ರೈವರ್ ಸೀಟಿನಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು. ಕೈಗಳು ಸ್ಟಿಯರಿಂಗಿನ ಮೇಲಿದ್ದವು.

"ನಿಧಾನ... ಮುಂದೆ ಶಾಲೆ ಇದೆ. ಹಾಂ. ಈಗ ಎಡಕ್ಕೆ. ಗೇರ್ ಇಳಿಸು, ಏರು ಬಂತು" ಎನ್ನುತ್ತಿದ್ದರು.

ಅವಳು ಇನ್ನೊಂದು ಕಡೆಯ ಬಾಗಿಲು ತೆರೆದಳು. ಮೇಷ್ಟ್ರು ಬೆಚ್ಚಿ, ಸ್ಟಿಯರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಒಂದು ಸಣ್ಣ ಉಸಿರು ಒಳಗೆಳೆದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಬ್ಯಾಟರಿ ಸರಿ ಇದೆಯಾ ಅಂತ ನೋಡ್ತಿದ್ದೆ."

"ಎಲ್ಲಿಗೆ ಹೊರಟಿದ್ರಿ?" ಎಂದು ಕೇಳಿ ಅವಳು ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡಳು.

ಮೇಷ್ಟ್ರು ಮುಂದಿನ ಗಾಜಿನಾಚೆಯ ಇಟ್ಟಿಗೆ ಗೋಡೆಯನ್ನು ನೋಡಿದರು. ಆಮೇಲೆ ಮೆಲ್ಲಗೆ, "ಸಮುದ್ರದ ಕಡೆಗೆ" ಎಂದರು.

"ಯಾವ ದಾರೀಲಿ?"

"ಹಳೇ ಸೇತುವೆ ಮೇಲಿಂದ."

"ಅದು ಬಿದ್ದು ಹೋಗಿ ಕಾಲ ಆಯ್ತಲ್ರೀ."

"ನಾನು ಹೋಗೋ ದಾರೀಲಿ ಇನ್ನೂ ಇದೆ" ಎಂದರು ಮೇಷ್ಟ್ರು.

ಅವಳು ಅವರ ಮುಖವನ್ನು ಪರೀಕ್ಷಿಸುವವಳಂತೆ ನೋಡಿದಳು. ಸುಳ್ಳು ಅನ್ನಿಸಲಿಲ್ಲ. ಸಿಪ್ಪೆಯ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು, ಶಾಲನ್ನು ಮೈಗೆ ಸುತ್ತಿಕೊಂಡಳು. "ಸರಿ, ನಡೀರಿ. ಕತ್ತಲಾಗೋದ್ರೊಳಗೆ ವಾಪಸ್ ಬರ್ಬೇಕು."